ಹೋದ ನೀರು ಮರಳಿ ಬರುವ ದಾರಿ

ಸವದತ್ತಿ ಹತ್ತಿರದ ನವಿಲುತೀರ್ಥ ಜಲಾಶಯದಿಂದ ಮಲಪ್ರಭೆಯ ನೀರು ಹುಬ್ಬಳ್ಳಿ–ಧಾರವಾಡದ ನಲ್ಲಿಗಳಿಗೆ ಹೋಗುತ್ತದೆ. 2011ರ ಜನಗಣತಿಯಲ್ಲೇ ಒಂಬತ್ತು ಲಕ್ಷ ದಾಟಿದ್ದ ಅವಳಿ ನಗರ ಅದನ್ನು ಕುಡಿದು, ಮಿಂದು, ಪಾತ್ರೆ–ಬಟ್ಟೆ ತೊಳೆದು ಬಿಡುತ್ತದೆ. ಹುಬ್ಬಳ್ಳಿಯ ಪಾಲಿನ ಹೊಲಸು ನೀರು ಉಣಕಲ್ ನಾಲೆಯಂಥ ಕಾಲುವೆಗಳನ್ನು ಹಿಡಿದು ಬೆಣ್ಣಿಹಳ್ಳಕ್ಕೆ ಇಳಿಯುತ್ತದೆ. ಬೆಣ್ಣಿಹಳ್ಳ ನವಲಗುಂದ, ರೋಣ ಸೀಮೆಯ ಕರಿನೆಲದಲ್ಲಿ ಹರಿದು, ಆ ನೆಲದ ಲವಣವನ್ನೂ ಕರಗಿಸಿಕೊಂಡು, ಮೆಣಸಗಿಯ ಬಳಿ ಮತ್ತೆ ಮಲಪ್ರಭೆಯನ್ನೇ ಕೂಡುತ್ತದೆ. ಅಲ್ಲಿಂದ ಮುಂದೆ ನದಿ ಬಾದಾಮಿ ತಾಲ್ಲೂಕಿನ ಊರುಗಳದು: ಚೊಳಚಗುಡ್ಡ, ಶಿವಯೋಗ ಮಂದಿರ, ಪಟ್ಟದಕಲ್ಲು. ನಂತರ ಐಹೊಳೆ, ಕೊನೆಗೆ ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಕೃಷ್ಣೆ. ಪೈಪಿನಲ್ಲಿ ತಿಳಿಯಾಗಿ ಹೋದ ನೀರು ಹಳ್ಳದಲ್ಲಿ ಕಪ್ಪಾಗಿ ಮರಳಿ ಬರುತ್ತದೆ. ಬಾಗಲಕೋಟೆ ಜಿಲ್ಲೆಯ ಜಲಮಾಲಿನ್ಯ ಜಿಲ್ಲೆಯ ಗಡಿಯೊಳಗೇ ಹುಟ್ಟಿದ್ದಲ್ಲ, ಗಡಿಯೊಳಗೇ ಮುಗಿಯುವುದೂ ಇಲ್ಲ.

ಮಾಲಿನ್ಯವನ್ನು ಹೊಲಸಿನ ಲೆಕ್ಕದಲ್ಲಷ್ಟೇ ಅಳೆದರೆ ಈ ಸೀಮೆಯ ಕಷ್ಟ ಅರ್ಥವಾಗದು. ಒಂದು ಕೊಡ ಗಟಾರದ ನೀರು ತುಂಬಿ ಹರಿಯುವ ಹೊಳೆಗೆ ಬಿದ್ದರೆ ಹೊಳೆ ಅದನ್ನು ಅರಗಿಸಿಕೊಳ್ಳುತ್ತದೆ. ಅದೇ ಕೊಡ ಬೇಸಿಗೆಯ ಮಡುವಿಗೆ ಬಿದ್ದರೆ ಮಡುವೇ ಗಟಾರವಾಗುತ್ತದೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿಗಿಂತ ಕಡಿಮೆ. ಮಲಪ್ರಭೆಯ ನೀರನ್ನು ಮೇಲೆಯೇ ಕಾಲುವೆಗಳಿಗೆ, ನಗರಗಳಿಗೆ ತಿರುಗಿಸಿಕೊಂಡ ಮೇಲೆ ಬಾದಾಮಿ ಸೀಮೆಗೆ ಮಳೆಗಾಲದ ಹೊರತು ಉಳಿಯುವುದು ಸಣ್ಣ ಹರಿವು. ನದಿಯೊಳಗೆ ಜಾಲಿ ಬೆಳೆದಿದೆ, ಪಾತ್ರದ ಅಂಚನ್ನು ಹೊಲಗಳು ನುಂಗಿವೆ, ಮರಳು ಲಾರಿ ಹತ್ತಿದೆ. ಅಷ್ಟೇ ಹೊಲಸು ದಿನದಿನಕ್ಕೆ ಕಡಿಮೆಯಾಗುವ ನೀರಿನಲ್ಲಿ ಬೆರೆಯುತ್ತಿದೆ. ಹರಿವು ಕುಗ್ಗಿದಷ್ಟೂ ಹೊಲಸು ಗಟ್ಟಿಯಾಗುತ್ತದೆ ಎಂಬುದೇ ಇಲ್ಲಿನ ಮೊದಲ ಸತ್ಯ.

ಮರಳಿನ ಮಾತು ಸಣ್ಣದಲ್ಲ. ಹಿಂದೆ ಹೊಳೆದಂಡೆಯ ಹಳ್ಳಿಗಳಲ್ಲಿ ಬೇಸಿಗೆ ಬಂದರೆ ಮರಳಿನಲ್ಲಿ ಗುಂಡಿ ತೋಡಿ, ವರತಿ ನೀರನ್ನು ತಂಬಿಗೆಯಿಂದ ಗೋರಿ ಕೊಡ ತುಂಬುವುದಿತ್ತು. ಮರಳಿನ ಪದರ ಕಸವನ್ನು ತಡೆಯುತ್ತಿತ್ತು, ಅದರ ಕಣಗಳಿಗಂಟಿದ ಸೂಕ್ಷ್ಮಜೀವಿಗಳು ರೋಗಾಣುಗಳನ್ನು ತಿನ್ನುತ್ತಿದ್ದವು. ನಗರದ ನೀರು ಶುದ್ಧೀಕರಣ ಘಟಕಗಳಲ್ಲಿ ಮರಳಿನ ತೊಟ್ಟಿ ಕಟ್ಟಿ ಮಾಡುವ ಕೆಲಸವನ್ನು ಹೊಳೆ ತಾನೇ ಮಾಡುತ್ತಿತ್ತು. ಮರಳು ತೆಗೆದ ಹೊಳೆಯಲ್ಲಿ ಉಳಿಯುವುದು ಕೆಸರು. ಕೆಸರಿನಲ್ಲಿ ವರತಿ ಇಲ್ಲ.

ಜಿಲ್ಲೆಯ ಇನ್ನೊಂದು ನದಿ ಘಟಪ್ರಭೆಯದು ಬೇರೆ ಕಥೆ. ಹಿಡಕಲ್ ಅಣೆಕಟ್ಟು, ಗೋಕಾಕ ದಾಟಿ ಅದು ಮುಧೋಳ ಸೀಮೆಯ ಕಬ್ಬಿನ ಗದ್ದೆಗಳ ನಡುವೆ ಬಂದು, ಬಾಗಲಕೋಟೆಯ ಹತ್ತಿರ ಆಲಮಟ್ಟಿಯ ಹಿನ್ನೀರಿನಲ್ಲಿ ಕರಗುತ್ತದೆ. ಮುಧೋಳ, ಜಮಖಂಡಿ, ಬೀಳಗಿ ಭಾಗದಲ್ಲಿ ಸಕ್ಕರೆ ಕಾರ್ಖಾನೆಗಳು ಒತ್ತಾಗಿವೆ. ಕಬ್ಬು ನುರಿಸುವ ಹಂಗಾಮು ಅಕ್ಟೋಬರ್–ನವೆಂಬರಿನಿಂದ ಮಾರ್ಚ್‌ವರೆಗೆ, ಅಂದರೆ ಮಳೆ ನಿಂತು ಹೊಳೆ ಇಳಿಯುವ ಕಾಲಕ್ಕೇ. ಕಬ್ಬಿನ ತೂಕದಲ್ಲಿ ಮುಕ್ಕಾಲು ಪಾಲು ನೀರಿರುವುದರಿಂದ ಕಾರ್ಖಾನೆ ಮನಸ್ಸು ಮಾಡಿದರೆ ಹೊರಗಿನ ನೀರನ್ನು ತೀರ ಕಡಿಮೆ ಬಳಸಿ, ತನ್ನ ನೀರನ್ನೇ ತಿರುಗಿಸಿ ಬಳಸಬಲ್ಲದು. ತೊಂದರೆ ಹೆಚ್ಚು ಇರುವುದು ಕಾಕಂಬಿಯಿಂದ ಮದ್ಯಸಾರ ತೆಗೆಯುವ ಡಿಸ್ಟಿಲರಿಗಳಲ್ಲಿ. ಒಂದು ಲೀಟರ್ ಮದ್ಯಸಾರಕ್ಕೆ ಸುಮಾರು 8ರಿಂದ 15 ಲೀಟರ್ ಕಡುಕಂದು ಬಣ್ಣದ ನೀರು ಉಳಿಯುತ್ತದೆ. ನೀರಿನಲ್ಲಿರುವ ಕೊಳೆಯುವ ವಸ್ತುವನ್ನು ಅರಗಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬ ಅಳತೆಗೆ ಬಿಒಡಿ ಎನ್ನುತ್ತಾರೆ. ಹೊಳೆಗೆ ಬಿಡುವ ತ್ಯಾಜ್ಯನೀರಿನಲ್ಲಿ ಅದು ಲೀಟರಿಗೆ 30 ಮಿಲಿಗ್ರಾಂ ದಾಟಬಾರದು. ಡಿಸ್ಟಿಲರಿಯ ಹಸಿ ತ್ಯಾಜ್ಯದಲ್ಲಿ ಅದು 40 ಸಾವಿರ ಮಿಲಿಗ್ರಾಂ ಮುಟ್ಟುತ್ತದೆ. ಇಂಥ ನೀರಿನ ಒಂದು ಟ್ಯಾಂಕರ್ ರಾತ್ರಿ ಹಳ್ಳಕ್ಕೆ ಸುರಿದರೆ ಸಾಕು, ಬೆಳಗಾಗುವುದರೊಳಗೆ ಕೆಳಗಿನ ಮಡುವಿನ ಆಮ್ಲಜನಕ ತೀರಿಹೋಗುತ್ತದೆ. ಆಮ್ಲಜನಕ ತೀರಿದ ನೀರಿನಲ್ಲಿ ಮೀನು ಉಸಿರಾಡಲಾರದೆ ಮೇಲಕ್ಕೆ ಬಂದು ಬಾಯಿ ಬಿಡುತ್ತದೆ, ಆಮೇಲೆ ಹೊಟ್ಟೆ ಮೇಲಾಗಿ ತೇಲುತ್ತದೆ. ಮೀನುಗಾರನ ಮನೆಗೆ ಆ ವರ್ಷದ ದುಡಿಮೆ ಅಲ್ಲಿಗೇ ಮುಗಿಯಿತು.

ಡಿಸ್ಟಿಲರಿಗಳು ತ್ಯಾಜ್ಯದ ಒಂದು ಹನಿಯನ್ನೂ ಹೊರಗೆ ಬಿಡದಂಥ ವ್ಯವಸ್ಥೆಯತ್ತ ಹೋಗಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2003ರಲ್ಲೇ ಕಾರ್ಯಸೂಚಿ ರೂಪಿಸಿತ್ತು. ತ್ಯಾಜ್ಯದಿಂದ ಮೊದಲು ಅನಿಲ ತೆಗೆದು, ಉಳಿದದ್ದನ್ನು ಆವಿಯಾಗಿಸಿ ಗಟ್ಟಿ ಮಾಡಿ, ಕಬ್ಬಿನ ಮಡ್ಡಿಯೊಂದಿಗೆ ಬೆರೆಸಿ ಗೊಬ್ಬರವಾಗಿಸುವ ಅಥವಾ ಬಾಯ್ಲರಿನಲ್ಲಿ ಸುಡುವ ದಾರಿಗಳು ಚಾಲ್ತಿಯಲ್ಲಿವೆ. ತಂತ್ರಜ್ಞಾನ ಇಲ್ಲದ್ದಕ್ಕೆ ಹೊಳೆ ಕೆಡುತ್ತಿಲ್ಲ. ಯಂತ್ರವನ್ನು ದಿನವೂ ನಡೆಸುವ ಖರ್ಚಿಗಿಂತ ರಾತ್ರಿ ಕವಾಟ ತೆರೆಯುವುದು ಅಗ್ಗ ಎಂಬ ಲೆಕ್ಕ ಎಲ್ಲಿ ನಡೆಯುತ್ತದೋ ಅಲ್ಲಿ ಕೆಡುತ್ತದೆ.

ಕಬ್ಬಿನ ಹೊಲದಿಂದಲೂ ಹೊಳೆಗೆ ಬರುವುದುಂಟು. ಅಳತೆ ಮೀರಿ ಹಾಯಿಸಿದ ನೀರು ಯೂರಿಯಾ, ಕಳೆನಾಶಕಗಳನ್ನು ಹೊತ್ತು ಹಳ್ಳಕ್ಕೆ ಇಳಿಯುತ್ತದೆ. ಇಳಿಯಲಾರದ್ದು ಕರಿಮಣ್ಣಿನಲ್ಲೇ ನಿಂತು, ಬಿಸಿಲಿಗೆ ಆವಿಯಾಗಿ, ಉಪ್ಪನ್ನು ಮೇಲೆ ಬಿಟ್ಟು ಹೋಗುತ್ತದೆ. ಸವುಳು–ಜವುಳು ಎಂದು ರೈತರು ಕರೆಯುವ ಆ ನೆಲದ ಬಾವಿಯ ನೀರು ಬೇಳೆ ಬೇಯಿಸಲೂ ಬರುವುದಿಲ್ಲ.

ಬಾಗಲಕೋಟೆ ಪಟ್ಟಣಕ್ಕೆ ನೀರಿನೊಂದಿಗಿನ ಸಂಬಂಧವೇ ಬದಲಾಗಿದೆ. ಆಲಮಟ್ಟಿ ಜಲಾಶಯ 519.60 ಮೀಟರಿನವರೆಗೆ ತುಂಬಿದಾಗ ಘಟಪ್ರಭೆ ಹರಿಯುವ ನದಿಯಾಗಿ ಉಳಿಯುವುದಿಲ್ಲ, ಹಳೆ ಊರಿನ ಅಂಚಿಗೆ ಬಂದು ನಿಂತ ಹಿನ್ನೀರಾಗುತ್ತದೆ. ಊರಿನ ಒಂದು ಭಾಗ ಮುಳುಗಿ, ಮುಳುಗಿದವರಿಗಾಗಿ ನವನಗರ ಕಟ್ಟಿದ್ದು ಎಲ್ಲರಿಗೂ ಗೊತ್ತು. ನಿಂತ ನೀರಿನ ಗುಣ ಹರಿಯುವ ನೀರಿನದಲ್ಲ ಎಂಬುದನ್ನು ಮಾತ್ರ ಊರು ನಿಧಾನವಾಗಿ ಕಲಿಯುತ್ತಿದೆ. ಹರಿವು ಗಾಳಿಯನ್ನು ನೀರಿನೊಳಗೆ ಕಲಕುತ್ತದೆ, ನಿಂತದ್ದು ಕಲಕದು. ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದಾಗ ಅದು ಬಿಟ್ಟ ಕೆಸರಿನ ಮೇಲೆ ಗಟಾರದ ನೀರು ಹಾದಿ ಮಾಡಿಕೊಳ್ಳುತ್ತದೆ, ಅದೇ ಮೆಕ್ಕಲು ನೆಲದಲ್ಲಿ ಬೆಳೆ ತೆಗೆದವರ ಔಷಧ–ಗೊಬ್ಬರ ಮುಂದಿನ ಮಳೆಗಾಲದಲ್ಲಿ ಜಲಾಶಯದ ಪಾಲಾಗುತ್ತದೆ.

ಬಾದಾಮಿಯ ಹಸಿರು ಕೆರೆ

ಚಾಲುಕ್ಯ ದೊರೆ ಒಂದನೆಯ ಪುಲಕೇಶಿ ಬಾದಾಮಿಯ ಬೆಟ್ಟದ ಮೇಲೆ ಕೋಟೆ ಕಟ್ಟಿದ್ದನ್ನು ಅಲ್ಲಿನ ಬಂಡೆಗಲ್ಲಿನ ಕ್ರಿ.ಶ. 543ರ ಶಾಸನ ಹೇಳುತ್ತದೆ. ಎರಡು ಬೆಟ್ಟಗಳ ನಡುವಿನ ಅಗಸ್ತ್ಯ ತೀರ್ಥ ಆ ರಾಜಧಾನಿಯ ಜೀವ. ಕೆಂಪು ಮರಳುಗಲ್ಲಿನ ಮೇಲೆ ಬಿದ್ದ ಮಳೆ ಅಕ್ಕ–ತಂಗಿ ಜಲಪಾತವಾಗಿ ಧುಮುಕಿ, ಕೊರಕಲುಗಳಲ್ಲಿ ಹರಿದು ಕೆರೆ ಸೇರುತ್ತದೆ. ಆ ಬೆಟ್ಟದಲ್ಲಿ ನೀರನ್ನು ಕೆಡಿಸುವಂಥದ್ದು ಏನೂ ಇಲ್ಲ. ಕೆರೆ ಕೆಡುವುದು ಊರ ಬದಿಯಿಂದ. ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಾರೆ, ದಂಡೆಯ ಓಣಿಗಳ ನೀರು ಮಳೆಯೊಂದಿಗೆ ಇತ್ತಲೇ ಇಳಿಯುತ್ತದೆ, ಪ್ರವಾಸಿಗರು ಬಿಟ್ಟ ಪ್ಲಾಸ್ಟಿಕ್ ಗಾಳಿಗೆ ಬರುತ್ತದೆ. ಭೂತನಾಥ ಗುಡಿಯ ಪ್ರತಿಬಿಂಬದ ಚಿತ್ರಗಳಲ್ಲಿ ಕೆರೆ ಹಸಿರಾಗಿ ಕಾಣುವುದನ್ನು ಚೆಲುವೆಂದು ಮೆಚ್ಚುವವರಿದ್ದಾರೆ. ಆ ಹಸಿರು ಪಾಚಿಯದು. ಸಾಬೂನಿನ ಪುಡಿಯ ಫಾಸ್ಫೇಟ್, ಕೊಳಚೆಯ ಸಾರಜನಕ ಎರಡೂ ಪಾಚಿಗೆ ಗೊಬ್ಬರ. ಹಗಲು ಆಮ್ಲಜನಕ ಬಿಡುವ ಪಾಚಿ ರಾತ್ರಿ ತಾನೇ ಅದನ್ನು ಬಳಸುತ್ತದೆ, ಸತ್ತು ತಳ ಸೇರಿದ ಮೇಲೆ ಕೊಳೆಯುತ್ತಾ ಉಳಿದದ್ದನ್ನೂ ಮುಗಿಸುತ್ತದೆ. ಕೆರೆ ಹೀಗೆ ಮುಪ್ಪಾಗುತ್ತದೆ.

ಮೆಟ್ಟಿಲ ಮೇಲೆ ಕುಳಿತ ಹೆಂಗಸರನ್ನು ದೂರುವುದು ಸುಲಭ. ಹಾಗೆ ದೂರುವುದು ಅನ್ಯಾಯವೂ ಹೌದು. ಮನೆಯ ನಲ್ಲಿಗೆ ದಿನವೂ ನೀರು ಬಂದು, ಹಿತ್ತಲಲ್ಲಿ ಒಗೆಯುವ ಕಲ್ಲಿಗೆ ಜಾಗವಿದ್ದರೆ ಬಟ್ಟೆಯ ಗಂಟು ಹೊತ್ತು ಕೆರೆಗೆ ಬರುವವರು ಯಾರು? ಕೆರೆಯಿಂದ ಆಚೆ ನೀರಿನ ಸೌಕರ್ಯವುಳ್ಳ ಒಗೆಯುವ ಕಟ್ಟೆಗಳನ್ನು ಕಟ್ಟಿ, ಅವುಗಳ ಬಸಿನೀರನ್ನು ಒಳಚರಂಡಿಗೆ ಸೇರಿಸುವುದು ಫಲಕ ನೆಡುವುದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಜಾತ್ರೆಗಳ ಮಾತೂ ಇದೇ. ಬನದ ಹುಣ್ಣಿಮೆಗೆ ಬನಶಂಕರಿಗೆ, ಸಂಕ್ರಮಣಕ್ಕೆ ಕೂಡಲಸಂಗಮಕ್ಕೆ ಸೇರುವ ಜನಸಾಗರ ಒಂದೆರಡು ದಿನಗಳಲ್ಲಿ ಬಿಟ್ಟುಹೋಗುವ ಶಾಂಪೂ ಚೀಟಿ, ಹಳೆ ಬಟ್ಟೆ, ಪೂಜೆಯ ಪ್ಲಾಸ್ಟಿಕ್ ತಿಂಗಳುಗಟ್ಟಲೆ ದಂಡೆಯಲ್ಲಿರುತ್ತವೆ. 2025ರ ಮಾರ್ಚ್‌ನಲ್ಲಿ ರಾಜ್ಯದ ಪರಿಸರ ಸಚಿವ ಈಶ್ವರ ಖಂಡ್ರೆ ತೀರ್ಥಕ್ಷೇತ್ರಗಳ ನದಿದಂಡೆಯಿಂದ 500 ಮೀಟರ್ ಒಳಗೆ ಸಾಬೂನು, ಶಾಂಪೂ ಮಾರಾಟ ನಿಲ್ಲಿಸಲು, ನದಿಯಲ್ಲಿ ಬಟ್ಟೆ ಬಿಡುವುದನ್ನು ತಡೆಯಲು ಸೂಚಿಸಿದರು. ಸೂಚನೆ ಒಳ್ಳೆಯದು. ಆದರೆ ಯಾತ್ರಿಕರಿಗೆ ಬೇಕಾದಷ್ಟು ಶೌಚಾಲಯ, ಸ್ನಾನಗೃಹ ಇಲ್ಲದ ಕಡೆ ಅದು ಅರ್ಧ ಕೆಲಸ.

ಇಳಕಲ್ಲಿನ ಬಣ್ಣ

ಇಳಕಲ್ ಸೀರೆಯ ಹೆಸರು ಕೇಳದ ಕನ್ನಡಿಗರಿಲ್ಲ. ಒಡಲಿನ ನೂಲನ್ನು ಸೆರಗಿನ ನೂಲಿಗೆ ಕೊಂಡಿ ಹಾಕಿ ಜೋಡಿಸುವ ಕೌಶಲ, ಟೋಪ್ ತೆನಿ ಸೆರಗು, ದಾಳಿಂಬೆ ಕೆಂಪು ಆ ಊರಿನ ಗುರುತು. ಮಗ್ಗಕ್ಕೆ ಹಾಸು ಹಾಕುವ ಮೊದಲೇ ನೂಲಿಗೆ ಬಣ್ಣ ಕಟ್ಟಬೇಕು. ಈ ಕೆಲಸ ದೊಡ್ಡ ಕಾರ್ಖಾನೆಗಳಲ್ಲಿ ನಡೆಯುವುದಲ್ಲ. ಓಣಿಗಳ ಒಳಗೆ, ಒಲೆಯ ಮೇಲೆ ಕಡಾಯಿ ಇಟ್ಟು, ಹೊಗೆ–ಹಬೆಯ ನಡುವೆ ಕೈಯಲ್ಲೇ ನೂಲಿನ ಲಡಿ ತಿರುವುವ ಮನೆಮಂದಿಯ ಕಸುಬು. ಕಾಸ್ಟಿಕ್ ಸೋಡಾ, ಹೈಡ್ರೋಸಲ್ಫೈಟ್, ಉಪ್ಪು, ನ್ಯಾಫ್ತಾಲ್ ಮೊದಲಾದವು ಅಲ್ಲಿ ಬಳಕೆಯ ಮಾತುಗಳು. ಬಣ್ಣ ಪೂರ್ತಿ ನೂಲಿಗೆ ಹಿಡಿಯುವುದಿಲ್ಲ. ಹತ್ತಿಗೆ ಹಾಕುವ ರಿಯಾಕ್ಟಿವ್ ಬಣ್ಣಗಳಲ್ಲಂತೂ ಐದರಲ್ಲೊಂದು ಪಾಲು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಜಾಲಿಸಿದ ನೀರಿನೊಂದಿಗೇ ಗಟಾರ ಸೇರುತ್ತದೆ.

ಬಣ್ಣದ ನೀರಿನ ಅಪಾಯ ಬಣ್ಣದಲ್ಲಿರುವುದಕ್ಕಿಂತ ಕಣ್ಣಿಗೆ ಕಾಣದ್ದರಲ್ಲಿ ಹೆಚ್ಚು. ಬಣ್ಣ ಬೆಳಕನ್ನು ತಡೆದು ನೀರಿನ ಗಿಡಗಳನ್ನು ಕೊಲ್ಲುತ್ತದೆ, ಕಾಸ್ಟಿಕ್ ನೀರನ್ನು ಸುಡುವಷ್ಟು ಕ್ಷಾರವಾಗಿಸುತ್ತದೆ, ಉಪ್ಪು ಯಾವ ಸೂಕ್ಷ್ಮಜೀವಿಯಿಂದಲೂ ಅರಗದೆ ನೆಲಕ್ಕಿಳಿದು ಬಾವಿ ಸೇರುತ್ತದೆ. ಅಝೋ ಬಣ್ಣಗಳಲ್ಲಿ ಕೆಲವು ಒಡೆದಾಗ ಕ್ಯಾನ್ಸರ್ ತರುವ ವಸ್ತುಗಳಾಗುವುದರಿಂದ ಕೇಂದ್ರ ಸರ್ಕಾರ 1990ರ ದಶಕದಲ್ಲಿ ಅವುಗಳನ್ನು ನಿಷೇಧಿಸಿತು. ಆ ನೀರಿಗೆ ಮೊದಲು ತಾಗುವುದು ಬಣ್ಣ ಕಟ್ಟುವವರದೇ ಕೈ.

ಬಣ್ಣದ ಊರುಗಳು ಕೈಮೀರಿದರೆ ಏನಾಗುತ್ತದೆ ಎಂಬುದಕ್ಕೆ ತಮಿಳುನಾಡಿನ ತಿರುಪ್ಪೂರು ಸಾಕ್ಷಿ. ಅಲ್ಲಿ ನೊಯ್ಯಲ್ ನದಿಗೆ ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಬಣ್ಣದ ತ್ಯಾಜ್ಯದ ತೊಟ್ಟಿಯಾಯಿತು, ಕೆಳಗಿನ ರೈತರು ನ್ಯಾಯಾಲಯದ ಮೆಟ್ಟಿಲೇರಿದರು, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನೇ ಮುಚ್ಚಿಸಿತು. ಸಾವಿರಾರು ಜನರ ಕೆಲಸ ಹೋಯಿತು. ಇಳಕಲ್ಲಿನ ಪ್ರಮಾಣ ಅದರ ಮುಂದೆ ತೀರ ಸಣ್ಣದು, ಹಾಗಾಗಿ ಈಗಲೇ ಸರಿಪಡಿಸುವುದು ಸಾಧ್ಯ. ಒಂದು ಮನೆಯ ಬಣ್ಣಗಾರ ಶುದ್ಧೀಕರಣ ಘಟಕ ಕಟ್ಟಲಾರ. ಸರ್ಕಾರ, ನಗರಸಭೆ, ನೇಕಾರರ ಸಹಕಾರ ಸಂಘಗಳು ಸೇರಿ ಒಂದೇ ಕಡೆ ಬಣ್ಣಗಾರಿಕೆಗೆ ಜಾಗ, ಬಿಸಿನೀರು, ಸಾಮೂಹಿಕ ಶುದ್ಧೀಕರಣ ಒದಗಿಸಿದರೆ ಕಸುಬೂ ಉಳಿಯುತ್ತದೆ, ಹಳ್ಳವೂ. ಗುಳೇದಗುಡ್ಡದ ಖಣಕ್ಕೂ ರಬಕವಿ–ಬನಹಟ್ಟಿಯ ಸೀರೆಗೂ ಇದೇ ಮಾತು ಅನ್ವಯಿಸುತ್ತದೆ. ನೇಕಾರನ ಮೇಲೆ ಕೇಸು ಹಾಕುವುದರಿಂದ ಇದು ಆಗುವಂಥದ್ದಲ್ಲ.

ಊರಿನ ಮನೆಗಳ ಕೊಳಚೆ ಬಣ್ಣಕ್ಕಿಂತ ದೊಡ್ಡ ಮೊತ್ತದ್ದು. 2011ರಲ್ಲಿ ಇಳಕಲ್ಲಿನ ಜನಸಂಖ್ಯೆ ಸುಮಾರು 60 ಸಾವಿರ. ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಟ್ಟು, ಅದರ ನೂರಕ್ಕೆ 80 ಕೊಳಚೆಯಾಗಿ ಬರುತ್ತದೆ ಎಂಬ ಎಂಜಿನಿಯರುಗಳ ರೂಢಿಯ ಲೆಕ್ಕ ಹಾಕಿದರೆ ದಿನಕ್ಕೆ 65 ಲಕ್ಷ ಲೀಟರಿನಷ್ಟಾಗುತ್ತದೆ. ಅದು ಹರಿಯುವುದಕ್ಕೆ ಊರ ಹಳ್ಳವಲ್ಲದೆ ಬೇರೆ ದಾರಿ ಬೇಕು. ಗ್ರಾನೈಟ್ ಕತ್ತರಿಸಿ ಹೊಳಪು ಕೊಡುವಲ್ಲಿ ಹುಟ್ಟುವ ಕಲ್ಲಿನ ಕೆಸರೂ ಇಲ್ಲಿಯದೇ. ವಿಷವಲ್ಲದಿದ್ದರೂ ಆ ನಯವಾದ ಪುಡಿ ಹಳ್ಳದ ತಳವನ್ನು ಸಿಮೆಂಟಿನಂತೆ ಮುಚ್ಚುತ್ತದೆ, ಮಳೆನೀರು ನೆಲಕ್ಕಿಳಿಯದು.

ನೆಲದೊಳಗಿನ ವಿಷ

ಹುನಗುಂದ–ಇಳಕಲ್ ಸೀಮೆಯ ಅತಿ ಹಳೆಯ ನೀರಿನ ತೊಂದರೆಗೆ ಯಾವ ಕಾರ್ಖಾನೆಯೂ ಹೊಣೆಯಲ್ಲ. ಇಳಕಲ್ಲಿಗೆ ಹೆಸರು ತಂದ ಗುಲಾಬಿ ಬಣ್ಣದ ಗ್ರಾನೈಟ್ ಮತ್ತು ಅದರ ಬಳಗದ ಶಿಲೆಗಳಲ್ಲೇ ಫ್ಲೋರೈಡ್ ಅಡಗಿದೆ. ಮೇಲಿನ ತೆರೆದ ಬಾವಿಯ ನೀರು ಹೊಸ ಮಳೆಯದು, ಕಲ್ಲಿನೊಂದಿಗೆ ಅದರ ಸಹವಾಸ ಕಡಿಮೆ. ನೂರಾರು ಅಡಿ ಕೊರೆದ ಬೋರಿನ ನೀರು ದೀರ್ಘಕಾಲ ಬಿರುಕುಗಳಲ್ಲಿ ನಿಂತು ಕಲ್ಲನ್ನು ನಿಧಾನವಾಗಿ ಕರಗಿಸಿಕೊಂಡಿರುತ್ತದೆ. ನೀರಿನಲ್ಲಿ ಸುಣ್ಣದಂಶ ಕಡಿಮೆಯಾಗಿ ಸೋಡಾದ ಅಂಶ ಹೆಚ್ಚಿದಷ್ಟೂ ಫ್ಲೋರೈಡ್ ಕರಗುವುದು ಹೆಚ್ಚು. ಆದ್ದರಿಂದ ಕಲ್ಲು ಮೊದಲಿನಿಂದ ಇದ್ದರೂ ರೋಗ ಹೆಚ್ಚಿಸಿದ್ದು ಬೋರು. ಬಾವಿ ಬತ್ತಿದಂತೆ ಆಳಕ್ಕೆ ಹೋದ ಪ್ರತಿ ಅಡಿಗೂ ಜನ ಹಳೆಯ ನೀರನ್ನು ಕುಡಿಯತೊಡಗಿದರು.

ಭಾರತೀಯ ಮಾನಕ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರೇ ಇಲ್ಲದಾಗ 1.5ರವರೆಗೆ ಒಪ್ಪಬಹುದು. ಅದಕ್ಕಿಂತ ಹೆಚ್ಚಿನದನ್ನು ಹಲ್ಲು ಮೂಡುವ ವಯಸ್ಸಿನ ಮಕ್ಕಳು ಕುಡಿದರೆ ಹಲ್ಲಿನ ಮೇಲೆ ಸುಣ್ಣದ ಚುಕ್ಕೆ, ಹಳದಿ–ಕಂದು ಪಟ್ಟೆ ಮೂಡುತ್ತವೆ, ಮುಂದೆ ಅಳಿಸಲಾಗದು. ವರ್ಷಾನುಗಟ್ಟಲೆ ಕುಡಿದರೆ ಕೀಲು ಹಿಡಿಯುತ್ತವೆ, ಬೆನ್ನು ಬಾಗುತ್ತದೆ. ಕುದಿಸಿದರೆ ರೋಗಾಣು ಸಾಯುತ್ತವೆ. ಫ್ಲೋರೈಡ್ ಹೋಗದು, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಈ ಒಂದು ಸಂಗತಿ ಪ್ರತಿ ಮನೆಗೂ ತಿಳಿದಿರಬೇಕು. ತಿಪ್ಪೆ, ಶೌಚಗುಂಡಿ, ಯೂರಿಯಾದಿಂದ ಇಳಿಯುವ ನೈಟ್ರೇಟ್ ಕೂಡ ಕುದಿಸಿದರೆ ಹೋಗುವುದಿಲ್ಲ. ಲೀಟರಿಗೆ 45 ಮಿಲಿಗ್ರಾಂ ದಾಟಿದ ನೀರಿನಲ್ಲಿ ಹಾಲುಪುಡಿ ಕಲಸಿ ಕುಡಿಸಿದ ಹಸುಗೂಸಿನ ರಕ್ತ ಆಮ್ಲಜನಕ ಹೊರಲಾರದೆ ಮೈ ನೀಲಿಗಟ್ಟಬಹುದು.

ಹಳ್ಳಿಹಳ್ಳಿಗೆ ಬಂದ ಶುದ್ಧ ನೀರಿನ ಘಟಕಗಳು, ನಾಣ್ಯ ಹಾಕಿ ಕ್ಯಾನ್ ತುಂಬಿಕೊಳ್ಳುವ ಆರ್‌ಒ ಯಂತ್ರಗಳು, ಈ ಕಷ್ಟಕ್ಕೆ ತಕ್ಷಣದ ಉತ್ತರ. ಆದರೆ ಯಂತ್ರ ವಿಷವನ್ನು ನಾಶ ಮಾಡುವುದಿಲ್ಲ, ಬೇರ್ಪಡಿಸುತ್ತದೆ ಅಷ್ಟೆ. ಎಷ್ಟು ಸಿಹಿನೀರು ಬಂತೋ ಹೆಚ್ಚುಕಡಿಮೆ ಅಷ್ಟೇ, ಅಥವಾ ಅದಕ್ಕೂ ಹೆಚ್ಚು, ಗಟ್ಟಿಯಾದ ಉಪ್ಪು–ಫ್ಲೋರೈಡ್ ನೀರು ಹಿಂದಿನ ಕೊಳವೆಯಿಂದ ಗಟಾರಕ್ಕೆ ಬೀಳುತ್ತದೆ, ಅಲ್ಲಿಂದ ಅದೇ ನೆಲಕ್ಕೆ. ಪಟಿಕ ಮತ್ತು ಸುಣ್ಣ ಹಾಕಿ ಫ್ಲೋರೈಡನ್ನು ತಳಕ್ಕೆ ಕೂರಿಸುವ ನಲ್ಗೊಂಡ ವಿಧಾನವನ್ನು ನಾಗಪುರದ ನೀರಿ ಸಂಸ್ಥೆ ರೂಪಿಸಿದ್ದುಂಟು. ಅದರ ಕೆಸರಿಗೂ ಜಾಗ ಬೇಕು. ಹೆಚ್ಚು ಬಾಳುವ ದಾರಿ ನದಿನೀರನ್ನು ಶುದ್ಧೀಕರಿಸಿ ಹಳ್ಳಿಗಳಿಗೆ ಕೊಡುವ ಬಹುಗ್ರಾಮ ಯೋಜನೆ, ಜೊತೆಗೆ ಕೆರೆ–ಹೊಂಡ ತುಂಬಿಸಿ ಅಂತರ್ಜಲಕ್ಕೆ ಹೊಸ ಮಳೆನೀರು ಬೆರೆಸುವುದು. ಇಲ್ಲಿಗೇ ಮಾತು ಮತ್ತೆ ಹೊಳೆಗೆ ಬರುತ್ತದೆ. ನೆಲದ ನೀರು ಕೆಟ್ಟ ಸೀಮೆಗೆ ನದಿಯೇ ಆಸರೆ, ಆ ನದಿಗೇ ಬೆಣ್ಣಿಹಳ್ಳದ ಕೊಳಚೆ. ಕೇಂದ್ರ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದೀಭಾಗಗಳನ್ನು ಪಟ್ಟಿ ಮಾಡಿದಾಗ ಕರ್ನಾಟಕದ 17ರಲ್ಲಿ ಮಲಪ್ರಭೆ, ಕೃಷ್ಣೆ ಎರಡೂ ಇದ್ದವು.

ಕೊಳಚೆ ಬೆರೆತ ನೀರಿನಿಂದ ಬರುವ ವಾಂತಿಭೇದಿ, ಟೈಫಾಯ್ಡ್, ಕಾಮಾಲೆ ಬೇಸಿಗೆಯ ಕೊನೆಗೆ ಮತ್ತು ಮೊದಲ ಮಳೆಗೆ ಹೆಚ್ಚು. ನೀರು ದಿನಬಿಟ್ಟು ದಿನ ಬರುವ ಊರುಗಳಲ್ಲಿ ಖಾಲಿಯಾದ ಪೈಪು ತನ್ನ ಬಿರುಕುಗಳಿಂದ ಗಟಾರದ ನೀರನ್ನು ಎಳೆದುಕೊಳ್ಳುತ್ತದೆ. ನೆರೆ ಬಂದರೆ ಇನ್ನೂ ಕಷ್ಟ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳೊಳಗೆ ನುಗ್ಗಿದಾಗ ದಂಡೆಯ ಹಳ್ಳಿಗಳಿಗೂ ನೆರೆಯ ನೀರು ಹೊಕ್ಕಿತು. ಹೀಗೆ ಕೆಟ್ಟ ಬಾವಿ, ಬೋರುಗಳಿಗೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಎಂಬ ಲೆಕ್ಕ ಆರೋಗ್ಯ ಕಾರ್ಯಕರ್ತರಿಗೆ ಬಾಯಿಪಾಠ. ಕೊನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದ್ದರೆ ಆ ನೀರನ್ನು ನಂಬಬಹುದು.

ಈ ನಾಡು ನೀರಿನ ಒಂದು ರೋಗವನ್ನು ಪೂರ್ತಿ ಗೆದ್ದಿದೆ. ಮೆಟ್ಟಿಲ ಬಾವಿಗಿಳಿದು ಕೊಡ ಅದ್ದುವವರ ಕಾಲಿನ ಹುಣ್ಣಿನಿಂದ ಹುಳುವಿನ ಮರಿ ನೀರಿಗೆ ಬಿದ್ದು, ಅದೇ ನೀರು ಕುಡಿದವರ ಮೈಯಲ್ಲಿ ಮತ್ತೆ ಬೆಳೆಯುವ ನಾರುಹುಣ್ಣು ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿತ್ತು. 1983–84ರಿಂದ ನಡೆದ ಅಭಿಯಾನಕ್ಕೆ ಲಸಿಕೆಯೂ ಇರಲಿಲ್ಲ, ಔಷಧವೂ ಇರಲಿಲ್ಲ. ಮೆಟ್ಟಿಲ ಬಾವಿಗೆ ಕಟ್ಟೆ ಕಟ್ಟಿ ಸೇದುವ ಬಾವಿ ಮಾಡಿದ್ದು, ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಿದ್ದು, ಮನೆಮನೆ ತಿರುಗಿ ರೋಗಿಗಳನ್ನು ಹುಡುಕಿದ್ದು, ಇಷ್ಟೇ. 1996ರ ನಂತರ ದೇಶದಲ್ಲಿ ಒಂದು ಪ್ರಕರಣವೂ ಕಾಣಲಿಲ್ಲ, 2000ದಲ್ಲಿ ಭಾರತ ಆ ರೋಗದಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಇಂದಿನ ಹೊಲಸಿಗೆ ಬೇಕಾದ ಕಾನೂನು 1974ರಿಂದಲೇ ಇದೆ. ಅನುಮತಿಯಿಲ್ಲದೆ ತ್ಯಾಜ್ಯವನ್ನು ಹಳ್ಳ–ಹೊಳೆಗೆ ಬಿಡುವುದನ್ನು ಜಲ ಕಾಯ್ದೆ ತಡೆಯುತ್ತದೆ, ನಗರಸಭೆಗಳಿಗೂ ಅದರಲ್ಲಿ ವಿನಾಯಿತಿ ಇಲ್ಲ. ಬಾದಾಮಿಯ ನದಿ ಸುಧಾರಿಸಲು ಹುಬ್ಬಳ್ಳಿಯಲ್ಲಿ ಕೊಳಚೆ ಪೂರ್ತಿ ಶುದ್ಧವಾಗಬೇಕು, ಬೇಸಿಗೆಯಲ್ಲೂ ನವಿಲುತೀರ್ಥದಿಂದ ಸ್ವಲ್ಪ ನೀರು ಹೊಳೆಯ ಪಾಲಿಗೆಂದೇ ಬಿಡಬೇಕು. ಶುದ್ಧವಾದ ಕೊಳಚೆ ನೀರಿನಲ್ಲಿ ಸಾರಜನಕ ಉಳಿದಿರುವುದರಿಂದ ಅದು ಬೆಳೆಗೆ ಲಾಭ, ಹೊಳೆಗಲ್ಲ. ಊರ ಸುತ್ತಲಿನ ಮೇವಿಗೆ, ಗಿಡಮರಕ್ಕೆ ಅದನ್ನು ಹಾಯಿಸಬಹುದು.

ಇಷ್ಟೆಲ್ಲ ನಡೆಯುವವರೆಗೆ ಹಳ್ಳಿಯ ಕೈಯಲ್ಲಿ ಒಂದು ಸಣ್ಣ ಪೆಟ್ಟಿಗೆ ಇದೆ. 2019ರಲ್ಲಿ ಶುರುವಾದ ಜಲಜೀವನ ಮಿಷನ್ ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ನೀರಿನ ಪರೀಕ್ಷೆ ಕಲಿಸಲು ಹೇಳಿತು. ಬೋರಿನ ನೀರನ್ನು ಗಾಜಿನ ಕೊಳವೆಗೆ ಹಾಕಿ ಹನಿಗಳನ್ನು ಬಿಟ್ಟರೆ, ಫ್ಲೋರೈಡ್ ಹೆಚ್ಚಿದಷ್ಟೂ ಗುಲಾಬಿ ಬಣ್ಣ ಹಳದಿಗೆ ತಿರುಗುತ್ತದೆ. ಇನ್ನೊಂದು ಶೀಶೆಯಲ್ಲಿ ನೀರು ತುಂಬಿ ಎರಡು ದಿನ ಬೆಚ್ಚಗಿಟ್ಟಾಗ ಕಪ್ಪಾದರೆ ಅದರಲ್ಲಿ ಮಲದ ರೋಗಾಣು ಇರುವ ಸಂಭವವಿದೆ. ಫಲಿತಾಂಶವನ್ನು ಪಂಚಾಯ್ತಿಯ ಕಡತದಲ್ಲಿ ಬರೆದಿಟ್ಟರೆ ಸಾಲದು. ಆ ಬೋರಿನ ಕಟ್ಟೆಯ ಮೇಲೇ, ಕೊಡ ಹಿಡಿದು ಬಂದವರಿಗೆ ಕಾಣುವಂತೆ ಬರೆಯಬೇಕು: ಇದು ಕುಡಿಯಲು, ಇದು ತೊಳೆಯಲು.